ಕುಡಿದ ಟಯರು

ಟಯರು ಕೆಟ್ಟಿದ್ದಕ್ಕೆ ಚಾಲಕನನ್ನು ಕೆಲಸದಿಂದ ತೆಗೆದರು. ಇದು ಅನ್ಯಾಯ.

ನಮ್ಮ ಪುರಸಭೆಯ ಕಾರು ಎಡಕ್ಕೆ ಎಳೆಯುತ್ತಿತ್ತು. "ಕುಡಿದು ಓಡಿಸ್ತೀಯ, ನಾಳೆಯಿಂದ ಬರಬೇಡ" ಎಂದರು ಮುಖ್ಯಾಧಿಕಾರಿ. ಚಾಲಕ ಹುಚ್ಚೀರಪ್ಪ ಹನಿ ಮುಟ್ಟದವನು. ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ, ಸಾಹೇಬರನ್ನೇ ಓಡಿಸಲು ಕೂರಿಸಿದ. ಕಾರು ಬಲಕ್ಕೆ ಎಳೆಯಿತು.

"ಎಡಗಡೆ ಟಯರು ಬಲಕ್ಕೆ ಬಂತು, ಎಳೆತಾನೂ ಅದರ ಹಿಂದೇನೇ ಬಂತು. ಕುಡಿದಿರೋದು ಟಯರೇ ಸಾರ್. ಅಲ್ಲಾಂದ್ರೆ, ಈಗ ಓಡಿಸ್ತಿರೋ ತಾವು."

ಜವಾನರು ನಕ್ಕರು. ಸಾಹೇಬರು ನಗಲಿಲ್ಲ. "ಕೇಳದೆ ಚಕ್ರ ಬಿಚ್ಚಿದ್ದೀಯ, ಅದಕ್ಕೆ ಹೋಗು" ಎಂದು ಮನೆಗೆ ಕಳಿಸಿದರು.

ಅದೇ ಟಯರಿನಲ್ಲಿ ಆ ಕಾರು ಇಂದಿಗೂ ಬಲಕ್ಕೆ, ಎದುರು ಬರುವವರ ಕಡೆಗೇ ಎಳೆಯುತ್ತ ಓಡುತ್ತಿದೆ. ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ನಾಳೆ ಬೆಳಿಗ್ಗೆ ಪುರಸಭೆಯ ಗೇಟಿಗೆ ಬನ್ನಿ. ಹುಚ್ಚೀರಪ್ಪ ಮತ್ತೆ ಕೆಲಸಕ್ಕೆ ಒಳಗೆ ಹೋಗುವವರೆಗೆ ಆ ಕಾರನ್ನು ಹೊರಗೆ ಬಿಡಬೇಡಿ.