ಬುಟ್ಟಿಯಲ್ಲಿ ಏನಿದೆ ಎಂದು ಕೇಳಿದವನು

"ಕೇಳಿರಿ, ಕೇಳಿರಿ! ರಾಜಕುಮಾರಿ ಪದುಮಲೆಯನ್ನು ಹಡಗಿನವರ ದೇಶಕ್ಕೆ ಮದುವೆ ಮಾಡಿ ಕೊಡಲಿದ್ದಾರೆ. ಆಕೆಗೆ ಇಂಗ್ಲಿಷು ಕಲಿಸಲು ಗುರು ಬೇಕು. ಬಂದವರಿಗೆ ದೊರೆ ಮೂರು ಒಗಟು ಹಾಕುವರು. ಮೂರನ್ನೂ ಒಡೆದವನಿಗೆ ಗುರುಪೀಠ, ಬೇಡಿದ ವರ. ಒಂದು ತಪ್ಪಿದರೂ ತಲೆದಂಡ!"

ಹೊನ್ನಕೇರಿಯ ಬಂದರಿನಲ್ಲಿ ಹೀಗೆ ಡಂಗುರ ಸಾರಿದಾಗ ಪರಮಯ್ಯ ಐಗಳು ಬಯಲಿನ ಕಟ್ಟೆಯ ಮೇಲೆ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಪಾಠವೆಂದರೆ ಬಾಯಿಪಾಠವಲ್ಲ, ಆಟ. ಮುಚ್ಚಿದ ಬುಟ್ಟಿಯೊಳಗೆ ಒಂದು ವಸ್ತು. ಬಟ್ಟೆಚೆಂಡು ಯಾರ ಕೈಗೆ ಬಂತೋ ಅವರು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಬೇಕು. ದೊಡ್ಡದೇ? ತಿನ್ನುವಂಥದೇ? ಎಲ್ಲಿ ಸಿಗುತ್ತದೆ? ಕೇಳದೆ ಊಹಿಸಿದವರು ಆಟದಿಂದ ಹೊರಗೆ. ಅಂಬಿಗರ ಸುಕ್ರು ಈ ಆಟದಲ್ಲೇ ಬೆಳೆದು ಈಗ ತಾನೂ ಕಲಿಸುತ್ತಿದ್ದ. ಹೆತ್ತವರಿಲ್ಲದ ಅವನಿಗೆ ಅನ್ನ, ಅಕ್ಷರ ಎರಡೂ ಐಗಳ ಮನೆಯದೇ.

"ಗೆದ್ದರೆ ಈ ಮಕ್ಕಳ ತಲೆ ಮೇಲೊಂದು ಸೂರು ಕೇಳ್ತೇನೆ ಕಣೋ" ಎಂದು ಐಗಳು ಹೊರಟೇಬಿಟ್ಟರು. ಸುಕ್ರು ಬೆನ್ನಿಗೆ ಹೋದ.

ಅರಸನ ಮುಂದೆ, ಕತ್ತೆಯ ಹಿಂದೆ ಹೋಗಬಾರದು ಎಂದು ದೊಡ್ಡವರು ಹೇಳಿದ್ದಾರೆ. ಪಂಡಿತರು ಅದನ್ನು ಕೇಳಿಯಾರೇ? ಶಾಲು ಹೊದ್ದು ಸಾಲಾಗಿ ನಿಂತಿದ್ದರು.

ದೊರೆ ಮೊದಲನೆಯವನಿಗೆ, "ಅದಕ್ಕೆ ಹೊಟ್ಟೆಯಿದೆ, ಹಸಿವಿಲ್ಲ. ದಿನವೂ ನೀರಿಗೆ ಹೋಗುತ್ತದೆ, ಹೊಟ್ಟೆ ತುಂಬ ಕುಡಿದರೆ ಸಾಯುತ್ತದೆ. ಏನದು?" ಎಂದ.

"ಸಮುದ್ರಕ್ಕೆ ಇಳಿಯುವ ಸೂರ್ಯ, ಮಹಾಪ್ರಭು!"

ಅವನ ಕತೆ ಅಲ್ಲಿಗೆ ಮುಗಿಯಿತು. ಅವನ ಹಿಂದೆ ನಿಂತಿದ್ದ ಐವರದೂ ಹಾಗೆಯೇ ಆಯಿತು. ಏಳನೆಯವನು ಹೇಗೋ ಮೊದಲನೆಯದನ್ನು ದಾಟಿದ. ದೊರೆ ಎರಡನೆಯದನ್ನು ಹಾಕಿದ. "ಎಲ್ಲರಿಗೂ ಒಂದೊಂದೇ ಇದೆ. ನಾನು ಬಂದರೆ ಬಾಗುತ್ತದೆ, ನಾನು ಹೋದರೆ ಏಳುತ್ತದೆ. ಇಂದು ಆರು ಜನ ಅದನ್ನು ಇಲ್ಲೇ ಬಿಟ್ಟುಹೋದರು."

"ಬೆನ್ನು" ಎಂದವನು ಏಳನೆಯದನ್ನೂ ಬಿಟ್ಟುಹೋದ.

ಐಗಳು ಎರಡನ್ನೂ ಒಡೆದರು. ಸುಕ್ರುವಿಗೆ ಹೋದ ಜೀವ ಬಂದಂತಾಯಿತು. ದೊರೆ ಮುಂದಕ್ಕೆ ಬಾಗಿ, "ಮಗುವಿನ ಹತ್ತಿರ ರಾಶಿ, ಮುದುಕನ ಹತ್ತಿರ ಒಂದು ಹಿಡಿ, ನನ್ನ ಆಸ್ಥಾನದಲ್ಲಿ ಒಂದೂ ಇಲ್ಲ. ಏನದು?" ಎಂದ.

ಕೇಳಿ ಐಗಳೇ, ಕೇಳಿ, ಎಂದು ಸುಕ್ರು ಒಳಗೇ ಒದ್ದಾಡಿದ. ಊರ ಮಕ್ಕಳಿಗೆಲ್ಲ ಕೇಳಲು ಕಲಿಸಿದ ಆ ಬಾಯಿ ಸಿಂಹಾಸನದ ಮುಂದೆ ಕಟ್ಟಿಹೋಗಿತ್ತು. ದೊರೆಯನ್ನು ತಿರುಗಿ ಕೇಳುವುದುಂಟೇ?

"ಕಣ್ಣೀರು, ಪ್ರಭು" ಎಂದರು ಐಗಳು.

"ತಪ್ಪು" ಎಂದ ದೊರೆ.

ಮರುದಿನ ಸುಕ್ರು ಒಬ್ಬನೇ ಬಂದು ನಿಂತ. ಅವನಿಗೆ ಭಯವಿರಲಿಲ್ಲ, ಸಿಟ್ಟಿತ್ತು. ದೋಣಿ, ತಲೆ ಎಂದು ಮೊದಲ ಎರಡನ್ನು ಒಡೆದ. ನಿನ್ನೆ ಐಗಳ ಬಾಯಿಂದ ಕೇಳಿದ ಉತ್ತರಗಳೇ ಅವು. ಮೂರನೆಯದು ಬಂದಾಗ ತಲೆಯೆತ್ತಿ, "ಉತ್ತರ ಹೇಳೋ ಮುಂಚೆ ಒಂದೆರಡು ಮಾತು ಕೇಳಬಹುದಾ ದೊರೆಗಳೇ?" ಎಂದ.

ಸಭೆ ನಡುಗಿತು. ದೊರೆ ಹುಬ್ಬೇರಿಸಿ, "ಬೇಡವೆಂದು ಡಂಗುರದಲ್ಲಿ ಹೇಳಿಲ್ಲ. ಕೇಳು" ಎಂದ.

"ಅದು ಕೈಗೆ ಸಿಗ್ತದಾ?"

"ಇಲ್ಲ."

"ಈಗ ಈ ಸಭೆಯಲ್ಲಿ ಇದೆಯಾ?"

ದೊರೆ, "ಬೆಳಿಗ್ಗೆ ಇರಲಿಲ್ಲ. ಈಗ ಇದೆ" ಎಂದ.

"ಅದನ್ನ ತಂದದ್ದು ನಾನೇನಾ?"

"ಹೌದು."

"ಹಾಗಾದರೆ ಅದು ಪ್ರಶ್ನೆ" ಎಂದ ಸುಕ್ರು. "ಮಗು ದಿನಕ್ಕೆ ನೂರು ಕೇಳ್ತದೆ. ಮುದುಕ ಬೇಕಾದ್ದಷ್ಟೇ ಕೇಳ್ತಾನೆ. ಇಲ್ಲಿ ಕೇಳೋದಕ್ಕೆ ಯಾರಿಗೂ ಧೈರ್ಯವಿಲ್ಲ."

ಉತ್ತರ ಸರಿಯೆಂದು ಸಾರುವ ಗಂಟೆ ಮೊಳಗಿತು. ಸುಕ್ರು ಅಲ್ಲಾಡಲಿಲ್ಲ. "ಇನ್ನೊಂದು ಕೇಳ್ತೇನೆ. ನಿನ್ನೆ ನಮ್ಮ ಐಗಳು ಹೀಗೆ ಕೇಳಿದ್ದರೆ ನೀವು ಹೇಳ್ತಿದ್ದಿರಾ?"

"ಧಾರಾಳವಾಗಿ ಹೇಳುತ್ತಿದ್ದೆ" ಎಂದ ದೊರೆ. "ಯಾರೂ ಕೇಳಲಿಲ್ಲ."

ಸುಕ್ರುವಿಗೆ ಅಳು ಬಂತು. ವರವಾಗಿ ಕಟ್ಟೆಗೊಂದು ಸೂರು ಬೇಡಿದ. ವಾರದೊಳಗೆ ಹೆಂಚು ಹೊದಿಸಿದರು. ಅದರ ನೆರಳಲ್ಲಿ ಕೂರಬೇಕಾದವರು ಮಾತ್ರ ಇರಲಿಲ್ಲ.

ಅರಮನೆಯಲ್ಲೂ ಅವನು ಅದೇ ಬುಟ್ಟಿ, ಅದೇ ಚೆಂಡು ಇಟ್ಟು ಕಲಿಸಿದ. ಹುಟ್ಟಿದಾಗಿನಿಂದ ಬರೀ ಹೂಂಗುಟ್ಟುವುದನ್ನು ಕಲಿತಿದ್ದ ಪದುಮಲೆ ಮೊದಲು ನಾಚಿದಳು. ಆಮೇಲೆ ಉಂಗುರ ಬಚ್ಚಿಟ್ಟು ದಾಸಿಯರನ್ನು ಓಡಾಡಿಸಿ, ಯಾರು, ಎಲ್ಲಿ, ಯಾವಾಗ ಎಂದು ಇಂಗ್ಲಿಷಿನಲ್ಲಿ ಕೇಳಿ ಕೇಳಿ ನಕ್ಕಳು. ಕೊನೆಗೆ ಸುಕ್ರು 'ವೈ', ಅಂದರೆ 'ಯಾಕೆ' ಎಂಬ ಪ್ರಶ್ನೆ ಕಲಿಸಿದ. ಅಂದು ಅವಳು ನಗಲಿಲ್ಲ.

ಹಡಗು ಹೊರಡುವ ದಿನ ತುಂಬಿದ ಸಭೆಯಲ್ಲಿ ದೊರೆ, "ಮಗಳೇ, ಕಲಿತದ್ದನ್ನು ಒಂದಿಷ್ಟು ಆಡಿ ತೋರಿಸು" ಎಂದ.

ಪದುಮಲೆ ತಂದೆಯ ಕಣ್ಣನ್ನೇ ನೋಡುತ್ತ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದಳು: ಆ ಎಂಟು ಜನರನ್ನು ಯಾಕೆ ಕೊಂದಿರಿ?

ದೊರೆಗೆ ಒಂದಕ್ಷರವೂ ತಿಳಿಯಲಿಲ್ಲ. "ಆಹಾ, ಎಷ್ಟು ಇಂಪು!" ಎಂದು ತಲೆದೂಗಿ, ತನ್ನ ಕೊರಳಿನ ಮುತ್ತಿನ ಹಾರ ತೆಗೆದು ಸುಕ್ರುವನ್ನು ಕರೆದ. ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಸುಕ್ರು ಹೋಗಿ ತಲೆ ಬಾಗಿಸಿದ. ಹಾರ ಹಾಕಿಸಿಕೊಳ್ಳಲು ತಲೆ ಬಾಗಿಸಲೇಬೇಕಲ್ಲ.