ಬಿಸಿಲಿಲ್ಲದೆ ಕಾದ ಹುಲ್ಲು

ಹೊಳೆದಂಡೆಯ ಮಠದಲ್ಲಿ ಹುಲ್ಲು ಒಣಗಿಸುವ ದೊಡ್ಡ ಶೆಡ್ಡು. ಕರಿಬಣ್ಣ ಬಳಿದ ತಗಡು ಬಿಸಿಲಿಗೆ ಕಾಯುತ್ತಿತ್ತು. ಆ ಬಿಸಿಗಾಳಿಯನ್ನು ಸೋಲಾರ್ ಫ್ಯಾನು ಎಳೆದು ಹುಲ್ಲಿನ ಅಡಿಯಿಂದ ಊದುತ್ತಿತ್ತು. ಒಣಗಿದ್ದನ್ನು ಪೆಂಡಿ ಕಟ್ಟಿಸಿ ಲಾರಿಗಟ್ಟಲೆ ಡೈರಿಗಳಿಗೆ ಕಳಿಸುವ ಕೆಲಸ ಶಿಷ್ಯ ಕಲ್ಲಿನಾಥನದು.

ಈ ಕಲ್ಲಿನಾಥನೇನು ಸಾಮಾನ್ಯನೇ? ನಿಶ್ಚಯದ ಸೀರೆ ಕೊಟ್ಟಾದ ಮೇಲೆ ನೀಲವ್ವನನ್ನು ಬಿಟ್ಟು, "ನನಗ ಸಂಸಾರ ಬ್ಯಾಡ" ಎಂದು ಮಠ ಸೇರಿದವನು. ಸೇರಿದವನು ಸುಮ್ಮನಾದರೂ ಇದ್ದನೇ? ಅದೇ ನೀಲವ್ವ ಹಸಿಹುಲ್ಲು ಮಾರಲು ಬಂದರೆ, ತೂಕಕ್ಕೆ ತಾನೇ ಮುಂದೆ.

"ಹುಲ್ಲು ತೂಗಪಾ, ನನ್ನ ಹೆರಳು ತೂಗಬ್ಯಾಡ," ಎಂದುಬಿಟ್ಟಳು ಅವಳು, ನಾಲ್ಕು ಮಂದಿಯ ಎದುರಿಗೇ.

ಊರಿಗೆ ಅಷ್ಟು ಸಾಕಾಯಿತು. ಹುಡುಗಿಯನ್ನು ಒಲ್ಲದವನಿಗೆ ಹುಡುಗಿಯ ಹೊರೆ ಬೇಕಂತೆ ಎಂದು ಬಾವಿಕಟ್ಟೆಯಲ್ಲಿ ನಕ್ಕಿದ್ದೇ ನಕ್ಕಿದ್ದು.

ಕಾವಿ ಉಟ್ಟರೆ ಇವರ ಬಾಯಿ ಮುಚ್ಚುತ್ತದೆ, ತನ್ನ ಕಣ್ಣೂ ನೆಟ್ಟಗಾಗುತ್ತದೆ ಎಂದುಕೊಂಡ ಕಲ್ಲಿನಾಥ. ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರ ಕಾಲು ಹಿಡಿದ.

"ಅಜ್ಜಾರ, ನನಗ ಲಗೂನ ಕಾವಿ ಕೊಡ್ರಿ."

"ಈ ಸಲದ ಮೊದಲನೇ ಲಾರಿ ಹುಲ್ಲು ತುಂಬಿಸು. ಆಮ್ಯಾಲೆ ನೋಡೂಣು."

ಅವಸರವೋ ಅವಸರ. ಬಿಸಿಗಾಳಿ ಬರುವ ಅಡಿಯಿಂದಲೇ ಒಂದು ಹಿಡಿ ಕಿತ್ತು ತಿರುಚಿದ, ಪಟಪಟ ಮುರಿಯಿತು; ಒಣಗಿತು ಎಂದುಕೊಂಡ. ಮೇಲಿನ ಪದರಕ್ಕೆ ಕೈಯನ್ನೇ ಹಾಕಲಿಲ್ಲ. ಎಲ್ಲ ಸೇರಿಸಿ, ಬಿಗಿದು ಪೆಂಡಿ ಕಟ್ಟಿಸಿ ಒಟ್ಟಿದ.

ಲಾರಿ ಬರುವ ದಿನ, ಹೊತ್ತು ಮೂಡುವ ಮುಂಚೆ, ಅಜ್ಜಾರು ಕಬ್ಬಿಣದ ಸರಳು ಹಿಡಿದು ಬಂದರು. ಪೆಂಡಿಯೊಂದರ ನಡುವೆ ಚುಚ್ಚಿದರು. ನಿಧಾನವಾಗಿ ಕೂತು ಚಹಾ ಕುಡಿದು ಮುಗಿಸಿದರು. ಆಮೇಲೆ ಸರಳು ಎಳೆದು ಶಿಷ್ಯನ ಮುಂದೆ ಚಾಚಿದರು.

"ಹಿಡಿ."

ಹಿಡಿದವನೇ "ಯಪ್ಪಾ!" ಎಂದು ಕೈಬಿಟ್ಟ.

"ಬಿಸಿಲು ಇನ್ನೂ ಬಂದಿಲ್ಲ. ಇದನ್ನ ಕಾಸಿದವರು ಯಾರು?"

ಕಲ್ಲಿನಾಥ ಪೆಂಡಿ ಮೂಸಿದ. ಮುಗ್ಗಲು ವಾಸನೆ.

"ಒಳಗ ಹಸಿ ಉಳದೈತ್ರಿ. ಬಿಗಿದು ಕಟ್ಟಿದ್ದಕ್ಕ ಕುದಿಯಾಕತ್ತೈತಿ."

"ಹಿಂಗ ಲಾರಿಗೆ ಹೇರಿದ್ರ?"

"ದಾರ್ಯಾಗ ಬೆಂಕಿ ಹತ್ತತಿತ್ರಿ."

ಅಷ್ಟರಲ್ಲಿ ನೀಲವ್ವ ಹೊರೆ ಹೊತ್ತು ಬಂದಳು. ಕಲ್ಲಿನಾಥ ನೆಲ ನೋಡಿದ. ಕಿವಿ ಮಾತ್ರ ಅವಳ ಬಳೆಗಳ ಕಡೆಗೇ.

"ತೂಗೋ ಸ್ವಾಮಿಗೋಳು ಇವತ್ತ ಮೌನದಾಗ ಅದಾರೇನ್ರಿ, ಅಜ್ಜಾರ?"

ಅಜ್ಜಾರು ಹೊಟ್ಟೆ ಕುಣಿಸಿ ನಕ್ಕರು. ಕಲ್ಲಿನಾಥನಿಗೂ ನಗು ತಡೆಯಲಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು. ಆದರೂ ಮೆಲ್ಲಗೆ ಕೇಳಿದ:

"ಹಂಗಾರ, ನನ್ನ ಕಾವಿ?"

ಅಜ್ಜಾರು ಪೆಂಡಿಯ ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟರು. ಹೊಳೆಯಾಚೆ ಹೊತ್ತು ಮೂಡುತ್ತಿತ್ತು.

"ಮೊದಲ ಈ ಕಟ್ಟು ಬಿಚ್ಚಪಾ, ಒಳಗಿನ ಹಸಿ ಆರಲಿ. ಬಿಸಿಲೇನು ಓಡಿ ಹೋಗೂದಿಲ್ಲ."