ಹೊಳೆ ದಾಟಿದ ತಾಮ್ರ

"ಗುರುಗಳೇ, ನೀಲವ್ವನ ದುಃಖ ನನ್ನ ದುಃಖಕ್ಕಿಂತ ದೊಡ್ಡದು. ಹಾಗಿದ್ದೂ ಮುಳುಗುತ್ತಿರುವವನು ನಾನು. ಇದು ಹೇಗೆ?" ಎಂದು ಅಡವಯ್ಯ ಕೇಳಿದ.

ಅವನ ತಮ್ಮ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಊಟ ರುಚಿಸದು, ಪಾಠ ತಲೆಗೆ ಹತ್ತದು. ತಮ್ಮನ ನೆನಪು ಕರಗಲೆಂದು ಅವನು ಮಾಡದ ಜಪವಿರಲಿಲ್ಲ. ಇನ್ನಾಗದು, ಮಠ ಬಿಟ್ಟು ಹೋಗುವುದೇ ಸೈ ಎಂದು ಬಟ್ಟೆಯ ಗಂಟನ್ನೂ ಕಟ್ಟಿಟ್ಟಿದ್ದ. ಮಠಕ್ಕೆ ಮಜ್ಜಿಗೆ ತರುವ ನೀಲವ್ವನಾದರೋ ಗಂಡನನ್ನೂ ಇಬ್ಬರು ಮಕ್ಕಳನ್ನೂ ಮಣ್ಣು ಮಾಡಿದವಳು. ಆಕೆ ಉಂಡವರನ್ನು ವಿಚಾರಿಸುತ್ತ, ಉಣ್ಣದವರನ್ನು ಗದರುತ್ತ ಪಂಕ್ತಿಯ ತುಂಬ ಓಡಾಡುತ್ತಿದ್ದಳು. ಅಡವಯ್ಯನಿಗೆ ಅದೇ ಸೋಜಿಗ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಂಚುಗಾರನಿದ್ದ. ಹೆಂಡತಿ ಮಕ್ಕಳನ್ನು ಹೊಳೆಯ ಆಚೆ ದಡಕ್ಕೆ ಕಳಿಸಿ, ತಂದೆಯಿಂದ ಬಂದ ತಾಮ್ರದ ಗಟ್ಟಿಯೊಂದನ್ನು ಒಯ್ಯಲು ತಾನು ಈಚೆ ಉಳಿದ. ಅವನಿಗಿದ್ದದ್ದು ಅದೊಂದೇ. ಅದಿಲ್ಲದೆ ಆಚೆ ಹೋದರೆ ಕಸುಬಿಲ್ಲ, ಕಸುಬಿಲ್ಲದೆ ಒಲೆ ಹೊತ್ತುವಂತಿಲ್ಲ. ಆ ಹೊಳೆಗೆ ದೋಣಿಯಿಲ್ಲ, ಹರಿಗೋಲಿಲ್ಲ. ಅಲ್ಲಿಯ ಜನ ಒಣಗಿದ ಸೋರೆಬುರುಡೆಗಳನ್ನು ನಡುವಿಗೆ ಕಟ್ಟಿಕೊಂಡು ಈಜಿ ದಾಟುತ್ತಾರೆ. ಕಂಚುಗಾರ ಗಟ್ಟಿಗೂ ಬುರುಡೆ ಕಟ್ಟಿ ನೀರಿಗೆ ಉರುಳಿಸಿದ. ಗಟ್ಟಿ ಬುರುಡೆಗಳನ್ನೂ ಎಳೆದುಕೊಂಡು ಮುಳುಗಿತು. ದಡದ ಹತ್ತಿರವೇ ಮುಳುಗಿದ್ದು ಅವನ ಪುಣ್ಯ.

ಅವನು ಅದನ್ನು ಏದುಸಿರು ಬಿಡುತ್ತ ಮೇಲೆಳೆಯುವುದನ್ನು ಒಬ್ಬ ಮೀನುಗಾರ ನೋಡುತ್ತಿದ್ದ. "ಭಾರ ಹೆಚ್ಚಾಯಿತಪ್ಪ. ಕಡಿದು ಕಡಿಮೆ ಮಾಡಿಕೊ" ಎಂದ. ದಡದಲ್ಲಿ ಕೂತವನಿಗೆ ಮಾತು ಸುಲಭ.

ಆದರೂ ಮಾತು ಸರಿಯೆನಿಸಿತು. ಕಡಿದು ಎಸೆಯಲು ಮನಸ್ಸು ಬಾರದೆ, ಮೊದಲು ಒಂದು ತುಣುಕನ್ನಷ್ಟೇ ಕೆತ್ತಿ ದಡದಂಚಿನ ಆಳವಿಲ್ಲದ ನೀರಿಗೆ ಬಿಟ್ಟು ನೋಡಿದ. ಮುಳುಗಿತು. ಎತ್ತಿಕೊಂಡು ಅರ್ಧ ಮಾಡಿದ. ಅದೂ ಮುಳುಗಿತು. ಕಡೆಗೆ ಮೂಗುತಿಯಷ್ಟು ಚೂರನ್ನು ಬಿಟ್ಟ. ಅದೂ ತನ್ನ ದೊಡ್ಡಣ್ಣನ ದಾರಿಯನ್ನೇ ಹಿಡಿಯಿತು.

ಕಂಚುಗಾರನಿಗೆ ಚಿಂತೆ ಮರೆತು ಕುತೂಹಲ ಹುಟ್ಟಿತು. ಒಂದು ಚೆಂಬನ್ನು ತಟ್ಟೆಯಲ್ಲಿಟ್ಟು ಅಂಚಿನವರೆಗೆ ನೀರು ತುಂಬಿದ. ತುಣುಕನ್ನು ಮೆಲ್ಲಗೆ ಅದರೊಳಗೆ ಇಳಿಬಿಟ್ಟ. ತಟ್ಟೆಗೆ ಚೆಲ್ಲಿದ ನೀರೆಷ್ಟೋ, ತುಣುಕು ಹಿಡಿದ ಜಾಗ ಅಷ್ಟು. ಆ ನೀರನ್ನೂ ತೂಗಿದ, ತುಣುಕನ್ನೂ ತೂಗಿದ. ತಾಮ್ರ ಆ ನೀರಿನ ಸುಮಾರು ಒಂಬತ್ತು ಪಟ್ಟು ತೂಗಿತು. ಬೇರೆ ಬೇರೆ ತುಣುಕುಗಳನ್ನು ಹೀಗೆಯೇ ನೋಡಿದ. ದೊಡ್ಡದಕ್ಕೂ ಒಂಬತ್ತು, ಚಿಕ್ಕದಕ್ಕೂ ಒಂಬತ್ತು. ಕಡಿದಾಗ ಭಾರ ಇಳಿದದ್ದು ನಿಜ, ಆದರೆ ಜಾಗವೂ ಅದೇ ಲೆಕ್ಕದಲ್ಲಿ ಇಳಿದಿತ್ತು. ಹೀಗೆ ಕಡಿಯುತ್ತ ಕೂತರೆ ತಾಮ್ರ ತೀರೀತೇ ಹೊರತು ಮುಳುಗುವುದು ತೀರದು.

ಪಕ್ಕದಲ್ಲಿದ್ದ ಬುರುಡೆಯನ್ನು ಎತ್ತಿ ಅಲ್ಲಾಡಿಸಿದ. ಒಳಗೆ ಬರೀ ಬೀಜದ ಸದ್ದು. ಹಿಡಿದ ಜಾಗ ದೊಡ್ಡದು, ಭಾರ ಚಿಕ್ಕದು. ತಾಮ್ರ ಇದ್ದಷ್ಟೇ ಇರಲಿ, ಅದು ಹಿಡಿಯುವ ಜಾಗ ಒಂಬತ್ತು ಪಟ್ಟು ಮೀರಲಿ ಎಂದುಕೊಂಡ. ದಡದಲ್ಲೇ ಕುಲುಮೆ ಹೂಡಿದ. ಕಾಯಿಸಿ ಬಡಿದ, ಬಡಿದು ಕಾಯಿಸಿದ. ರಟ್ಟೆ ಬಿದ್ದುಹೋದರೂ ಬಿಡಲಿಲ್ಲ. ಮೀನುಗಾರ ಹೋಗುತ್ತ ಬರುತ್ತ ನಕ್ಕ. ಕೆತ್ತಿದ್ದ ಚೂರುಗಳನ್ನೂ ಎಸೆಯದೆ ಕರಗಿಸಿ ಹಿಡಿಕೆ ಮಾಡಿದ. ಗಟ್ಟಿ ಹೋಗಿ ದೊಡ್ಡ ಕೊಪ್ಪರಿಗೆಯಾಯಿತು. ನೀರಿಗಿಳಿಸಿದರೆ ಬುರುಡೆಯ ಹಾಗೆ ತೇಲಿತು. ಅದನ್ನು ಮುಂದೆ ತಳ್ಳುತ್ತ ತಾನು ಹಿಂದೆ ಈಜಿ ಹೊಳೆ ದಾಟಿದ. ಆ ಮಳೆಗಾಲ ಆಚೆ ದಡದ ಓಣಿಗೆಲ್ಲ ಅದರಲ್ಲೇ ಗಂಜಿ ಬೆಂದಿತು.

ಗುರುಗಳು ಕತೆ ನಿಲ್ಲಿಸಿದರು.

ಅಡವಯ್ಯ, ತಾಮ್ರ ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲವೇ ಎಂದು ಕೇಳಿದ. ಇಲ್ಲ ಎಂದರು ಗುರುಗಳು.

"ಇದು ಕಂಚುಗಾರನ ಮಾತಾಯಿತು. ನೀಲವ್ವ ತನ್ನ ದುಃಖವನ್ನು ಏನು ಮಾಡಿದಳು?"

"ಅವಳು ದಿನವೂ ನಿನಗೆ ಮಜ್ಜಿಗೆ ಬಡಿಸುವುದು ಮತ್ತಾವ ಕೊಪ್ಪರಿಗೆಯಿಂದ ಎಂದುಕೊಂಡೆ?"

ಅಡವಯ್ಯ ಎದ್ದು ಹೋಗಿ ಕಟ್ಟಿಟ್ಟಿದ್ದ ಬಟ್ಟೆಯ ಗಂಟನ್ನು ಬಿಚ್ಚಿದ.